ಅರ್ಥವಾಗುತ್ತೆ ಅಂದದ್ದು

ಗೆಳೆಯನ ತಂದೆ ತೀರಿಕೊಂಡ ಸುದ್ದಿ ಬಂದಾಗ ನಾನು ಬಸ್ಸಿನಲ್ಲಿದ್ದೆ. ‘ಸಾರಿ ಫಾರ್ ಯುವರ್ ಲಾಸ್’ ಎಂದು ಮೆಸೇಜು ಮಾಡಿ, ಕೆಳಗೆ ‘ಐ ಕ್ಯಾನ್ ಅಂಡರ್‌ಸ್ಟ್ಯಾಂಡ್’ ಎಂದೂ ಸೇರಿಸಿದೆ. ನನ್ನ ಅಪ್ಪ ಮನೆಯಲ್ಲಿ ಆರಾಮಾಗಿ ಪೇಪರ್ ಓದುತ್ತಿದ್ದರು. ನನಗೆ ಅರ್ಥವಾಗಿದ್ದಾದರೂ ಏನು?

ಅದನ್ನೇ ಕನ್ನಡದಲ್ಲಿ ಬರೆಯಹೊರಟಿದ್ದರೆ ಕೈ ತಡೆಯುತ್ತಿತ್ತು. ‘ನಿನ್ನ ನೋವು ನನಗೆ ಅರ್ಥವಾಗುತ್ತೆ’ ಅಂದರೆ ‘ಹೇಗೋ?’ ಅನ್ನುವ ಪ್ರಶ್ನೆ ಬೆನ್ನಿಗೇ ಬರುತ್ತದೆ. ಇಂಗ್ಲಿಷಿನಲ್ಲಿ ಬರಲಿಲ್ಲ. ತಪ್ಪು ಇಂಗ್ಲಿಷಿನದಲ್ಲ, ಅದನ್ನು ಕೈಗವಸಿನಂತೆ ತೊಟ್ಟ ನನ್ನದು. ‘ಸಾರಿ’ಯ ಬೇರಿನಲ್ಲಿ ನೋವೇ ಇದೆ, ಹುಣ್ಣಿನ ಉರಿಯನ್ನು ಹೇಳುವ ‘ಸೋರ್’ ಅದರ ನೆಂಟ. ‘ಎಂಪಥಿ’ಯನ್ನು 1909ರಲ್ಲಿ ಮನಶ್ಶಾಸ್ತ್ರಜ್ಞ ಟಿಚನರ್ ಬಳಕೆಗೆ ತಂದದ್ದು ಒಂದು ಜರ್ಮನ್ ಪದಕ್ಕೆ ಸಾಟಿಯಾಗಿ. ಆ ಪದದ ಅರ್ಥ, ಒಳಹೊಕ್ಕು ಅನುಭವಿಸುವುದು. ನಾನು ಹೊಸ್ತಿಲನ್ನೂ ದಾಟಿರಲಿಲ್ಲ. (ಹಾಗಂತ ನಮ್ಮ ‘ಅಯ್ಯೋ ಪಾಪ’ವೇನೂ ಕಡಿಮೆ ಸವೆದಿಲ್ಲ.) ಇನ್ನು ‘ಸೇಮ್ ಹಿಯರ್’ ಬಗ್ಗೆ ಹೇಳುವುದೇ ಬೇಡ. ಒಪ್ಪಿಗೆಯ ಸೋಗಿನಲ್ಲಿ ಅದು ಅವರ ಕಥೆಯನ್ನು ಕಿತ್ತುಕೊಂಡು ನಮ್ಮದನ್ನು ಶುರುಮಾಡುತ್ತದೆ.

ಅಮ್ಮ ಮೆಸೇಜಿನ ವಿಷಯ ಕೇಳಿ, ‘ಅದೆಲ್ಲ ಇರಲಿ, ಹೋಗಿ ಮಾತಾಡಿಸಿಕೊಂಡು ಬಾ’ ಅಂದಳು. ಮಾತಾಡಿ ಬಾ ಅನ್ನಲಿಲ್ಲ, ಮಾತಾಡಿಸಿಕೊಂಡು ಬಾ ಅಂದಳು. ಮಾತು ಅವನದಾಗಬೇಕು.

ಭಾನುವಾರ ಹೋದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಸಮಾಧಾನದ ಮಾತುಗಳು ಬಾಗಿಲಲ್ಲೇ ಉಳಿದವು. ‘ಊಟ ಆಯ್ತೇನೋ?’ ಅಂದೆ, ಅಷ್ಟೇ. ಅವನು ಅಪ್ಪನ ಹಳೇ ಸೈಕಲ್ಲಿನ ಬಗ್ಗೆ ಒಂದು ಗಂಟೆ ಹೇಳಿದ. ನಾನು ನಡುನಡುವೆ ‘ಹೂಂ’ ಅನ್ನುತ್ತಿದ್ದೆ.