ಪಾದರಕ್ಷೆಯ ಋಣ

ಒಂದು ವಸ್ತುವಿಗೆ ಬೆಲೆಕೊಟ್ಟು ಕೊಂಡಮೇಲೆ, ಅದನ್ನು ಮಾಡಿದವನಿಗೆ ನಾವು ಸಲ್ಲಿಸಬೇಕಾದುದು ಇನ್ನೇನಾದರೂ ಉಳಿಯುವುದೆ? ವ್ಯಾಪಾರಬುದ್ಧಿಯು ಇಲ್ಲವೆನ್ನುವುದು, ಧರ್ಮಬುದ್ಧಿಯು ಉಂಟೆನ್ನುವುದು. ಈ ವಿವಾದವು ಅಮೆರಿಕ ದೇಶದಲ್ಲಿ ಬಹುಕಾಲದಿಂದ ಒಂದು ಸಾಮಾನ್ಯ ಪದಾರ್ಥವನ್ನು ಕುರಿತು ನಡೆದಿದೆ. ಅದು ಆಟಗಾರರ ಬೂಟು.

ಸ್ವದೇಶದಲ್ಲಿ ತಯಾರಾದುದನ್ನೇ ಕೊಳ್ಳುವುದು ಮೇಲೆಂದು ಅಲ್ಲಿ ಹೇಳುವವರು ಬಹುಮಂದಿ. ಆದರೆ ಅಲ್ಲಿ ಮಾರಾಟವಾಗುವ ಪಾದರಕ್ಷೆಗಳಲ್ಲಿ ನೂರಕ್ಕೆ ಸುಮಾರು ೯೯ ಹೊರದೇಶದವು. ನಾಲಗೆಯು ಒಂದು ದಾರಿ ಹಿಡಿದರೆ ಕಾಲು ಇನ್ನೊಂದು ದಾರಿ ಹಿಡಿದಿದೆ. ಇದನ್ನು ಬರಿಯ ಕಪಟವೆಂದು ತಳ್ಳಿಬಿಡುವುದು ಸುಲಭ. ಆದರೆ ಸಂಗತಿಯನ್ನು ತುಸು ವಿಚಾರಿಸತಕ್ಕದ್ದು.

೧೯೬೪ರಲ್ಲಿ ಆರಿಗಾನ್ ಸಂಸ್ಥಾನದ ಫಿಲ್ ನೈಟ್ ಎಂಬವರೂ ಅವರಿಗೆ ಓಟವನ್ನು ಕಲಿಸಿದ್ದ ಬಿಲ್ ಬೋವರ್‌ಮನ್ ಎಂಬವರೂ ಕೂಡಿ, ಜಪಾನಿನ ಬೂಟುಗಳನ್ನು ತರಿಸಿ ಮಾರತೊಡಗಿದರು. ೧೯೭೧ರಲ್ಲಿ ಅವರ ಸರಕಿಗೆ ಗ್ರೀಕರ ಜಯದೇವತೆಯಾದ ನೈಕಿಯ ಹೆಸರು ಬಂದಿತು. ಕೆಲಕಾಲ ಸ್ವದೇಶದಲ್ಲಿಯೂ ಅವರ ಕಾರಖಾನೆಗಳಿದ್ದವು. ೧೯೮೦ರ ದಶಕದಲ್ಲಿ ಅವು ಮುಚ್ಚಿದವು. ನೀರು ತಗ್ಗಿಗೆ ಹರಿಯುವಂತೆ ಕೆಲಸವು ಅಗ್ಗದ ಕೂಲಿಯ ಕಡೆಗೆ ಹರಿಯಿತು: ಮೊದಲು ಕೊರಿಯ, ತೈವಾನ್, ಬಳಿಕ ಇಂಡೊನೇಷಿಯ, ಚೀನಾ, ವಿಯೆಟ್ನಾಂ. ಸಂಸ್ಥೆಯು ತನ್ನ ಕೈಯಲ್ಲಿ ಇಟ್ಟುಕೊಂಡುದು ರೂಪರಚನೆಯನ್ನೂ ಪ್ರಚಾರವನ್ನೂ ಹೆಸರನ್ನೂ. ಹೊಲಿಯುವ, ಅಂಟಿಸುವ ಕೆಲಸವೆಲ್ಲ ಗುತ್ತಿಗೆದಾರರ ಪಾಲಾಯಿತು.

ಕಣ್ಣಿಗೆ ದೂರವಾದುದು ಮನಸ್ಸಿಗೂ ದೂರವಾಗುವುದು. ೧೯೯೭ರಲ್ಲಿ ವಿಯೆಟ್ನಾಮಿನ ಒಂದು ಕಾರಖಾನೆಯ ತಪಾಸಣೆಯ ವರದಿಯು ಹೊರಬಿದ್ದು, ಅಂಟಿನಿಂದ ಏಳುವ ವಿಷದ ಆವಿಯನ್ನು ಕೆಲಸಗಾರರು ಮಿತಿಮೀರಿ ಉಸಿರಾಡುತ್ತಿದ್ದುದು ಲೋಕಕ್ಕೆ ತಿಳಿಯಿತು. ೧೯೯೮ರ ಮೇ ತಿಂಗಳಲ್ಲಿ ನೈಟ್ ಮಹಾಶಯರು ವಾಷಿಂಗ್ಟನ್ನಿನಲ್ಲಿ ಪತ್ರಕರ್ತರ ಮುಂದೆ ನಿಂತು, ತಮ್ಮ ಸರಕೆಂದರೆ ಗುಲಾಮರ ಕೂಲಿ, ಬಲವಂತದ ಹೆಚ್ಚುಹೊತ್ತಿನ ದುಡಿಮೆ ಎಂಬ ಅರ್ಥವೇ ಬಂದುಬಿಟ್ಟಿದೆಯೆಂದು ಒಪ್ಪಿಕೊಂಡರು. ಬೂಟಿನ ಕಾರಖಾನೆಗಳಿಗೆ ೧೮ ವರ್ಷಕ್ಕೆ ಕಡಮೆಯವರನ್ನು ಹೊಸದಾಗಿ ಸೇರಿಸುವುದಿಲ್ಲವೆಂದು ಮಾತುಕೊಟ್ಟರು. ಈ ಮಾತನ್ನು ಹೊರಡಿಸಿದುದು ಕೊಳ್ಳುವವರೂ ವಿದ್ಯಾರ್ಥಿಗಳೂ ಬಿಡದೆ ಕೇಳಿದ ಪ್ರಶ್ನೆಯೆಂಬುದನ್ನು ನಾವು ಮರೆಯಲಾಗದು.

ಹಾಗಾದರೆ ಸ್ವದೇಶದ ಮುದ್ರೆಯಿದ್ದರೆ ಸಾಕೆ? ಬಾಸ್ಟನ್ನಿನ ನ್ಯೂ ಬ್ಯಾಲೆನ್ಸ್ ಸಂಸ್ಥೆಯು ಮೇಯ್ನ್, ಮ್ಯಾಸಚೂಸೆಟ್ಸ್ ಪ್ರಾಂತಗಳಲ್ಲಿ ಇಂದಿಗೂ ಕೆಲವು ಬೂಟುಗಳನ್ನು ಮಾಡಿಸುತ್ತಿದೆ. ಆ ಊರುಗಳಲ್ಲಿ ಎಷ್ಟೋ ಒಲೆಗಳು ಅದರಿಂದ ಉರಿಯುತ್ತಿವೆ, ಇದು ಅಲ್ಪವಲ್ಲ. ಆದರೂ ಮೌಲ್ಯದಲ್ಲಿ ನೂರಕ್ಕೆ ೭೦ ಭಾಗ ಸ್ವದೇಶದ್ದಾದರೆ ಆ ಸಂಸ್ಥೆಯು ಮುದ್ರೆಯನ್ನು ಹಾಕುವುದು. ಅದರ ಬೇರೆ ಸರಕು ಹೊರಗಿನಿಂದ ಬರುವುದೂ ಉಂಟು. ಜರ್ಮನಿಯ ಅಡಿಡಾಸ್ ಸಂಸ್ಥೆಯು ಅನ್ಸ್‌ಬಾಖ್, ಅಟ್ಲಾಂಟಾ ನಗರಗಳಲ್ಲಿ ಯಂತ್ರಗಳಿಂದಲೇ ಬಹುಪಾಲು ಕೆಲಸ ನಡೆಯುವ ಕಾರಖಾನೆಗಳನ್ನು ತೆರೆದು, ೨೦೨೦ರಲ್ಲಿ ಮುಚ್ಚಿತು. ಅವು ನಿಂತಿದ್ದರೂ ಬೂಟು ಮನೆಗೆ ಮರಳುತ್ತಿತ್ತೇ ಹೊರತು, ಕೆಲಸ ಕಳೆದುಕೊಂಡ ಕೈಗಳಿಗೆ ಎಷ್ಟು ದಕ್ಕುತ್ತಿತ್ತು? ಇತ್ತ, ಕೋಪದಿಂದ ಹೊರದೇಶದ ಸರಕನ್ನೆಲ್ಲ ತೊರೆದೆವಾದರೆ, ವಿಯೆಟ್ನಾಮಿನಲ್ಲಿ ಗದ್ದೆಯನ್ನು ಬಿಟ್ಟು ಕಾರಖಾನೆಗೆ ಬಂದ ಹೆಣ್ಣುಮಗಳ ಅನ್ನಕ್ಕೇ ಕಲ್ಲು ಬೀಳುವುದು.

೧೯೦೫ರ ಸ್ವದೇಶಿ ಚಳವಳಿಯನ್ನೂ ಚರಕವನ್ನೂ ಬಲ್ಲ ನಮಗೆ ಇದರ ಮರ್ಮವು ಅಪರಿಚಿತವಲ್ಲ. ಸ್ವದೇಶಿಯ ಸತ್ತ್ವವು ಪರದೇಶದ ದ್ವೇಷದಲ್ಲಿರಲಿಲ್ಲ. ನೂತವರ ಮುಖವು ಉಟ್ಟವರಿಗೆ ಕಾಣುತ್ತಿದ್ದುದರಲ್ಲಿತ್ತು. ಸಾಮೀಪ್ಯವು ಧರ್ಮವಲ್ಲ, ಧರ್ಮಕ್ಕೆ ಸಹಾಯ. ಮಾಡಿದವರು ದೂರವಿದ್ದರೆ ಋಣವು ಕಡಮೆಯಾಗದು. ತೀರಿಸುವ ಶ್ರಮವು ಹೆಚ್ಚುವುದು, ಅಷ್ಟೆ. ಬಡವನು ಅಗ್ಗದ್ದನ್ನು ಕೊಂಡರೆ ಅವನನ್ನು ದೂಷಿಸಲಾಗದು. ಆದರೆ ಹೆಸರಿಗಾಗಿಯೇ ಹೆಚ್ಚು ಹಣ ತೆರಬಲ್ಲವನು, ಆ ಹಣದಲ್ಲಿ ಹೊಲಿದ ಕೈಗೆ ಎಷ್ಟು ಸಂದಿತೆಂದು ಕೇಳಲು ಬಾಧ್ಯನು.

ಕಲ್ಯಾಣದ ಶರಣ ಹರಳಯ್ಯನೂ ಅವನ ಸತಿಯೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಯನ್ನು ಮಾಡಿತಂದಾಗ, ಬಸವಣ್ಣನವರು ಅದನ್ನು ಮೆಟ್ಟಲಾರದೆ ಹೋದರೆಂದು ಐತಿಹ್ಯವುಂಟು. ನಾವು ಅಷ್ಟು ದೊಡ್ಡವರಲ್ಲ, ಮೆಟ್ಟಿಯೇ ಮೆಟ್ಟುವೆವು. ಮೆಟ್ಟುವ ಮುನ್ನ, ಇದರಲ್ಲಿ ಯಾರ ಚರ್ಮ ಸವೆದಿದೆಯೆಂದು ಒಮ್ಮೆ ಕೇಳುವುದಾದರೂ ನಮ್ಮಿಂದ ಆಗಬಾರದೆ?