ಕುಂಬಾರನ ಕತ್ತೆ

ಮನೆಯಲ್ಲಿ ಏನಾದರೂ ಕೆಟ್ಟು ನಿಂತಿತೆಂದರೆ ನಾವು ಮೊದಲು ಕೇಳುವುದು "ಯಾರು ಮಾಡಿದ್ದು?" ಎಂದು. "ಏನಾಯಿತು?" ಎಂಬ ಪ್ರಶ್ನೆಯ ಸರದಿ ಬರುವುದು ಒಬ್ಬರಾದರೂ ಅತ್ತ ಮೇಲೆ. ಎರಡೂ ಒಂದೇ ಪ್ರಶ್ನೆಯೆಂದು ನಾವು ಬಹುಕಾಲ ನಂಬಿದ್ದೆವು. ಆ ನಂಬಿಕೆ ಸಡಿಲಾದದ್ದು ಒಂದು ಕಂಪ್ಯೂಟರಿನಿಂದ.

2012ರ ಜುಲೈ ತಿಂಗಳು. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಬಟ್ಟೆ ಮೂರು ದಿನವಾದರೂ ಒಣಗದಂಥ ಮಳೆ. ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಕಂಪ್ಯೂಟರಿನ ಡಬ್ಬಿಯ ದೀಪ ಹತ್ತಿತು, ಒಳಗಿನ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಡಬ್ಬಿಯೊಳಗಿಂದ ಉದ್ದನೆಯ "ಬೀಪ್" ಸದ್ದು, ನಿಂತು ನಿಂತು, ಮತ್ತೆ ಮತ್ತೆ. ಹದಿನಾಲ್ಕು ವರ್ಷದ ಮಗ ಹಿಂದಿನ ಸಂಜೆಯಷ್ಟೇ ಗೆಳೆಯನ ಸಿ.ಡಿ.ಯಿಂದ ಆಟವೊಂದನ್ನು ಅದಕ್ಕೆ ತುಂಬಿದ್ದನ್ನು ನಾವು ಕಣ್ಣಾರೆ ಕಂಡಿದ್ದೆವು. ಇನ್ನೇನು ಬೇಕು? ವಿಚಾರಣೆ, ತೀರ್ಪು, ಶಿಕ್ಷೆ ಮೂರೂ ಚಹಾ ಆರುವ ಮೊದಲೇ ಮುಗಿದವು.

ನಮ್ಮ ಸಿಟ್ಟಿಗೂ ಒಂದು ಹಿನ್ನೆಲೆಯಿತ್ತು. ಧಾರವಾಡದಿಂದ ನಮ್ಮ ತಂದೆ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳನ್ನು ಸ್ಕ್ಯಾನ್ ಮಾಡಿಸಿ ಅದರಲ್ಲಿ ಇಟ್ಟಿದ್ದೆವು. ಮೂಲ ಪತ್ರಗಳು ಆಮೇಲೆ ಊರ ಮನೆಯಲ್ಲಿ ಗೆದ್ದಲಿನ ಪಾಲಾದವು. ತಂದೆಯ ಅಕ್ಷರ ಎಂದು ಉಳಿದದ್ದು ಆ ಡಬ್ಬಿಯೊಳಗೆ ಮಾತ್ರ.

ಕಟ್ಟಡದ ಕೆಳಗೆ ರಿಪೇರಿ ಅಂಗಡಿ ಇಟ್ಟ ಹುಡುಗ ವಿಜಾಪುರದ ಕಡೆಯವ. ಸಂಜೆ ಬಂದ. ನಾವು ಮಗನ ಮೇಲಿನ ಆರೋಪಪಟ್ಟಿ ಓದತೊಡಗಿದೆವು. "ಯಾರು ಮಾಡ್ಯಾರ ಅನ್ನೂದು ನನಗ ಬ್ಯಾಡ್ರಿ ಸರ. ಮೊದಲ ಸಲ ಯಾವಾಗ ತ್ರಾಸ ಕೊಟ್ಟಿತು, ಅಷ್ಟ ಹೇಳ್ರಿ" ಎಂದ. ಅದು ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಬಾಗಿಲ ಮರೆಯಲ್ಲಿ ನಿಂತಿದ್ದ. "ಹೇಳೋ ತಮ್ಮಾ, ಬೈಯಂಗಿಲ್ಲ" ಎಂದು ಆತ ಎರಡು ಸಲ ಕರೆದ ಮೇಲೆ ವಿಷಯ ಹೊರಬಂತು. ಎಂಟು ದಿನದಿಂದ ಯಂತ್ರ ಕೆಲಸದ ನಡುವೆ ನೀಲಿ ಪರದೆ ತೋರಿಸಿ ತಾನಾಗಿ ನಿಲ್ಲುತ್ತಿತ್ತು. ಮೂರು ಸಲ ಹಾಗಾಗಿತ್ತು. ಹೇಳಿದರೆ ಇನ್ನು ಮುಟ್ಟಗೊಡುವುದಿಲ್ಲವೆಂದು ಹುಡುಗ ಮುಚ್ಚಿಟ್ಟಿದ್ದ.

ಆಟ ತುಂಬಿದ್ದು ಹಿಂದಿನ ಸಂಜೆ. ತೊಂದರೆ ಎಂಟು ದಿನ ಹಳೆಯದು. ತನ್ನನ್ನು ಖುಲಾಸೆ ಮಾಡಬಹುದಾಗಿದ್ದ ಒಂದೇ ಸಾಕ್ಷ್ಯವನ್ನು ಹುಡುಗನೇ ಬಚ್ಚಿಟ್ಟಿದ್ದ, ನ್ಯಾಯಾಧೀಶರ ಹೆದರಿಕೆಯಿಂದ!

ನಮ್ಮ ತರ್ಕಶಾಸ್ತ್ರದವರು ಕಾರಣ ಎಂದರೇನೆಂದು ಹೇಳಲು ಮಡಕೆಯ ಉದಾಹರಣೆ ಕೊಡುತ್ತಾರೆ. ಮಣ್ಣು, ಕುಂಬಾರ, ಚಕ್ರ, ಚಕ್ರ ತಿರುಗಿಸುವ ಕೋಲು, ಇವೆಲ್ಲ ಮಡಕೆಗೆ ಕಾರಣ. ಮಣ್ಣು ಹೊತ್ತು ತಂದ ಕತ್ತೆಯೂ ಮಡಕೆ ಹುಟ್ಟುವ ಮೊದಲು ಅಲ್ಲಿಯೇ ನಿಂತಿತ್ತು. ಆದರೂ ಅದನ್ನು ಕಾರಣವೆನ್ನಲಾಗದು. ಮಣ್ಣನ್ನು ತಲೆಯ ಮೇಲೆ ಹೊತ್ತು ತಂದರೂ ಮಡಕೆ ಆಗುತ್ತದೆ. ಇಂಥದನ್ನು ಅವರು ಅನ್ಯಥಾಸಿದ್ಧ ಎನ್ನುತ್ತಾರೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಎಂದು ನಮ್ಮ ಜನ ಆಡುವ ಮಾತೂ ಇದೇ. ಆ ಬೆಳಿಗ್ಗೆ ನಾವು ಕತ್ತೆಗೆ ಶಿಕ್ಷೆ ಕೊಟ್ಟಿದ್ದೆವು.

ರಿಪೇರಿಯವನು ತರ್ಕ ಓದಿದವನಲ್ಲ. ಅವನ ಕೈಯಲ್ಲಿ ಮಾತ್ರ ಅದಿತ್ತು. ಪರದೆ ಬೆಳಗುವ ಮೊದಲೇ ಯಂತ್ರ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆಯಂತೆ. ಪರದೆಯ ಮೇಲೆ ತೋರಿಸಲಾಗದ್ದನ್ನು ಸದ್ದಿನಿಂದ ಹೇಳುತ್ತದೆ. ಸದ್ದಿನ ಭಾಷೆ ತಯಾರಕರಿಂದ ತಯಾರಕರಿಗೆ ಬೇರೆ. ನಮ್ಮ ಯಂತ್ರದಲ್ಲಿ ಉದ್ದನೆಯ ಬೀಪ್ ಮರುಕಳಿಸಿದರೆ ಮೆಮೊರಿ ಪಟ್ಟಿಯ ತೊಂದರೆ ಎಂದರ್ಥ. ಆಟ ಇದ್ದದ್ದು ಹಾರ್ಡ್ ಡಿಸ್ಕಿನಲ್ಲಿ. ಯಂತ್ರ ಡಿಸ್ಕನ್ನು ಓದುವ ಹಂತಕ್ಕೇ ಬಂದಿರಲಿಲ್ಲ! ಆತ ವಯರು ಕಿತ್ತು, ಡಬ್ಬಿಯ ಕಬ್ಬಿಣವನ್ನೊಮ್ಮೆ ಮುಟ್ಟಿ, ಒಳಗಿನ ಎರಡು ಪಟ್ಟಿಗಳನ್ನೂ ಹೊರತೆಗೆದ. ಒಂದನ್ನೇ ಹಾಕಿದ: ಬೀಪ್. ಅದನ್ನು ತೆಗೆದು ಅದೇ ಜಾಗದಲ್ಲಿ ಇನ್ನೊಂದನ್ನು ಹಾಕಿದ: ಪರದೆ ಬೆಳಗಿತು. ಇದ್ದರೆ ತೊಂದರೆ, ಇಲ್ಲದಿದ್ದರೆ ಇಲ್ಲ. ಶಾಸ್ತ್ರದ ಅನ್ವಯ ವ್ಯತಿರೇಕ ಇದೇ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಿದ್ದ. ನಾವಾಗಿದ್ದರೆ ನಾಲ್ಕನ್ನು ಒಟ್ಟಿಗೆ ಅಲುಗಿಸಿ, ಸರಿಹೋದರೆ ನಮ್ಮ ಜಾಣ್ಮೆ ಎನ್ನುತ್ತಿದ್ದೆವು. ಕೊನೆಗೆ ಮಗನ ಕಂಪಾಸಿನಿಂದ ಪೆನ್ಸಿಲ್ ಅಳಿಸುವ ರಬ್ಬರು ಕೇಳಿ, ತಪ್ಪಿತಸ್ಥ ಪಟ್ಟಿಯ ಹೊಂಬಣ್ಣದ ಹಲ್ಲುಗಳನ್ನು ಉಜ್ಜಿ, ಪುಡಿ ಝಾಡಿಸಿ ಮತ್ತೆ ಕೂಡಿಸಿದ. ಯಂತ್ರ ಎದ್ದಿತು. ಪತ್ರಗಳೂ ಇದ್ದವು. ಧೂಳು ಮತ್ತು ಮುಂಬಯಿಯ ತೇವ, ಅಷ್ಟೇ.

ಅಷ್ಟೇ ಎಂದು ನಾವು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ನಮ್ಮ ಮನೆಯಾಕೆ, "ಎಂಟು ದಿನದ ಹಿಂದ ಕಿಡಕಿಯಿಂದ ಮಳಿ ಹೊಡೀತೈತಂತ ಡಬ್ಬಿ ಎತ್ತಿ ಈ ಮೂಲಿಗೆ ಕುಕ್ಕಿದವರು ನೀವ ಅಲ್ಲೇನ್ರಿ?" ಎಂದಳು. ಹೌದು, ನಾವೇ. ಸ್ವಲ್ಪ ಜೋರಾಗಿಯೇ ಕುಕ್ಕಿದ್ದೆವು. ಬೆಳಿಗ್ಗೆಯಿಂದ ಅದು ನೆನಪಿಗೆ ಬರಲಿಲ್ಲವೇ? ಬಂದಿತ್ತು, ಹೇಳಿರಲಿಲ್ಲ. ಪಟ್ಟಿ ಸಡಿಲಾದದ್ದು ಅದರಿಂದಲೋ, ಬರೀ ತೇವದಿಂದಲೋ ಎಂದು ಇಂದು ಹೇಳಲು ಬಾರದು. ಆದರೆ ನಮ್ಮ ವಿಷಯ ಬಂದೊಡನೆ "ಅದು ಕಾರಣವಲ್ಲ, ಕತ್ತೆ" ಎಂದು ನಮ್ಮ ಮನಸ್ಸು ಎಷ್ಟು ಚುರುಕಾಗಿ ತರ್ಕ ಹೂಡಿತು! ಮಗನಿಗೆ ಆ ರಿಯಾಯಿತಿ ಸಿಕ್ಕಿರಲಿಲ್ಲ.

ಹೆದರಿಕೆಯಿಂದ ಸುದ್ದಿ ಸತ್ತುಹೋಗುವುದನ್ನು ವಿಮಾನದವರು ನಮಗಿಂತ ಮೊದಲೇ ಅರಿತಿದ್ದರು. 1974ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ಬಳಿ ಒಂದು ವಿಮಾನ ಗುಡ್ಡಕ್ಕೆ ಬಡಿದು 92 ಮಂದಿ ಸತ್ತರು. ಅದಕ್ಕೆ ಕೆಲವೇ ವಾರ ಮೊದಲು ಬೇರೊಂದು ಕಂಪನಿಯ ವಿಮಾನ ಅಲ್ಲಿಯೇ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸುದ್ದಿ ಆ ಕಂಪನಿಯನ್ನು ದಾಟಿರಲಿಲ್ಲ. 1976ರಲ್ಲಿ ಅಮೆರಿಕದಲ್ಲಿ ಹೊಸ ಏರ್ಪಾಟು ಬಂತು. ಪೈಲಟ್ಟುಗಳು ತಮ್ಮ ತಪ್ಪನ್ನು ನಾಸಾ ಸಂಸ್ಥೆಗೆ ತಾವೇ ಬರೆದು ತಿಳಿಸುತ್ತಾರೆ, ಹೆಸರು ಅಳಿಸಿ ಎಲ್ಲರಿಗೂ ಹಂಚುತ್ತಾರೆ. ಬೇಕೆಂದು ಮಾಡದ ತಪ್ಪನ್ನು ಹತ್ತು ದಿನದೊಳಗೆ ಹೇಳಿಕೊಂಡವನಿಗೆ ಸಾಮಾನ್ಯವಾಗಿ ದಂಡನೆಯಿಂದ ಬಿಡುಗಡೆ. ಅಪರಾಧಕ್ಕೂ ಅಪಘಾತಕ್ಕೂ ಈ ರಿಯಾಯಿತಿ ಇಲ್ಲ.

ಹಾಗಾದರೆ ಯಾರಿಗೂ ಯಾವುದಕ್ಕೂ ಹೊಣೆಯೇ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. ನಮ್ಮ ಮಟ್ಟಿಗೆ ಅದು ಎಲ್ಲಿತ್ತೆಂದು ತಿಳಿಯಲು ಎರಡು ದಿನ ಹಿಡಿಯಿತು. ಯಂತ್ರ ನಿಂತದ್ದಕ್ಕೆ ತೇವ ಕಾರಣ. ನಾವು ಬೆವತದ್ದಕ್ಕೆ ಕಾರಣ ಬೇರೆ. ತಂದೆಯ ಪತ್ರಗಳ ಎರಡನೆಯ ಪ್ರತಿ ಮಾಡಿಡಬೇಕೆಂದು ಮೂರು ವರ್ಷದಿಂದ ಮುಂದೂಡುತ್ತ ಬಂದವರು ನಾವು. ಅದನ್ನು ಯಾವ ಆಟವೂ, ಯಾವ ಮಳೆಯೂ ಮಾಡಿಸಿರಲಿಲ್ಲ. ಆ ವಾರವೇ ಎರಡು ಪ್ರತಿ ಮಾಡಿಸಿದೆವು. ಒಂದನ್ನು ಹುಬ್ಬಳ್ಳಿಯ ಅಕ್ಕನ ಮನೆಗೆ ಕಳಿಸಿದೆವು. ಮಗನ ಹತ್ತಿರ ಕ್ಷಮೆ ಕೇಳಲು ಮಾತ್ರ ಇನ್ನೂ ತಡವಾಯಿತು. ಕೇಳಿದ್ದೂ ನೇರವಾಗಿ ಅಲ್ಲ, ಆಟ ಹೇಗಿದೆ ಎಂದು ವಿಚಾರಿಸುವ ನೆಪದಲ್ಲಿ.

ಈಗ ಅವನು ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಮೊನ್ನೆ ಫೋನಿನಲ್ಲಿ ತನ್ನ ಲ್ಯಾಪ್‌ಟಾಪ್ ಬೆಳಿಗ್ಗೆಯಿಂದ ಏಳುತ್ತಿಲ್ಲವೆಂದ. "ಏನು ಮಾಡಿದ್ಯೋ ಅದಕ್ಕೆ?" ಎಂದುಬಿಟ್ಟೆವು. ಅತ್ತಲಿಂದ ಕ್ಷಣಹೊತ್ತು ಸದ್ದಿಲ್ಲ. ಆಮೇಲೆ ನಕ್ಕು, "ಅಪ್ಪಾ, ಕತ್ತೆ ಬಂತು ನೋಡ್ರಿ" ಎಂದ.