ಅದರ ಹಾಸಿಗೆ ಅದರದು

ನಾಯಿಮರಿ ಮನೆಗೆ ಬರುವ ಮುಂಚೆಯೇ ಅದರ ಹಾಸಿಗೆ ಬಂದಿರುತ್ತದೆ. ಸೋಫಾದ ಬಣ್ಣಕ್ಕೆ ಒಪ್ಪುವಂಥದ್ದು, ಸುತ್ತ ದಿಂಬಿನಂಥ ಅಂಚು, ಕೆಲವರು ಹೆಸರನ್ನೂ ಹೊಲಿಸಿರುತ್ತಾರೆ. ಮರಿ ಬಂದು ಅದನ್ನೊಮ್ಮೆ ಮೂಸುತ್ತದೆ, ಮೂಲೆ ಕಚ್ಚಿ ಎಳೆಯುತ್ತದೆ, ಆಮೇಲೆ ಬಾಗಿಲ ಬಳಿಯ ಕಾಲೊರಸಿನ ಮೇಲೆ ಹೋಗಿ ಮಲಗುತ್ತದೆ. ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದ ಗಾದೆ ಆಗ ಯಾರಿಗಾದರೂ ನೆನಪಾಗಿಯೇ ಆಗುತ್ತದೆ. ಆ ಗಾದೆಯಲ್ಲಿ ತಪ್ಪೆಲ್ಲ ನಾಯಿಯದು. ಸಿಂಹಾಸನ ಬೇಕೆಂದು ಅದು ಕೇಳಿತ್ತೇ ಎಂದು ಯಾರೂ ವಿಚಾರಿಸಿದಂತಿಲ್ಲ.

ಹುಟ್ಟಿದ ಮರಿಗೆ ಕಣ್ಣು ಕಾಣದು, ಕಿವಿ ಕೇಳದು. ಕಣ್ಣು ಬಿಡಲು ಸುಮಾರು 2 ವಾರ ಬೇಕು. ಅಲ್ಲಿಯವರೆಗೆ ಮೂಗೇ ಅದಕ್ಕೆ ದಾರಿ. ಮೈಯ ಶಾಖವನ್ನೂ ತಾನೇ ಕಾಪಾಡಿಕೊಳ್ಳಲಾರದು. ತಾಯಿಯ ಹೊಟ್ಟೆಗೆ, ಒಡಹುಟ್ಟಿದವುಗಳ ಬೆನ್ನಿಗೆ ಒತ್ತಿಕೊಂಡೇ ಬೆಳೆಯುತ್ತದೆ. 8 ವಾರ ಹಾಗೆ ಒಂದರ ಮೇಲೊಂದು ಬಿದ್ದು ಮಲಗಿದ ಜೀವವನ್ನು ಒಂದು ಸಂಜೆ ತಂದು, ಅಂಗಡಿಯ ವಾಸನೆ ಇನ್ನೂ ಹೋಗದ ಹಾಸಿಗೆಯಲ್ಲಿ ಬಿಟ್ಟು, ಹಾಲ್‌ನ ದೀಪ ಆರಿಸಿ ಹೋದರೆ ಅದು ಕುಂಯ್‌ಗುಟ್ಟದೆ ಇನ್ನೇನು ಮಾಡೀತು? ಬೆಳಿಗ್ಗೆ ನಾವು ‘ರಾತ್ರಿಯಿಡೀ ಹಠ ಮಾಡಿತು’ ಎನ್ನುತ್ತೇವೆ.

ಹಳ್ಳಿಯ ನಾಯಿಗೆ ಯಾರೂ ಹಾಸಿಗೆ ಹಾಸುವುದಿಲ್ಲ. ಚಳಿಗೆ ಬೂದಿ ಸುರಿದ ಜಾಗ, ಮಳೆಗೆ ಬಣವೆಯ ಬುಡ, ಬಿಸಿಲಿಗೆ ಗಾಡಿಯ ನೆರಳು ಎಂದು ಅದೇ ಹುಡುಕಿಕೊಳ್ಳುತ್ತದೆ. ಫ್ಲ್ಯಾಟಿನ ಮರಿಗೆ ಅಷ್ಟು ಜಾಗಗಳಿಲ್ಲ, ಆದರೆ ಆರಿಸುವ ಬುದ್ಧಿ ಅದೇ. ಆದ್ದರಿಂದ ಅದು ತಾನಾಗಿ ಎಲ್ಲಿ ಮಲಗುತ್ತದೆ ಎಂದು ನೋಡಿ ಹಾಸಿಗೆಯನ್ನೇ ಅಲ್ಲಿಗೆ ಒಯ್ಯುವುದು ಜಾಣತನ. ಮೊದಲ ಕೆಲವು ರಾತ್ರಿ ನಿಮ್ಮ ಮಂಚದ ಪಕ್ಕದಲ್ಲೇ ಇರಲಿ. ಮರಿ ಕೊಟ್ಟವರ ಮನೆಯಿಂದ ತಾಯಿ ಮಲಗಿದ ಬಟ್ಟೆಯ ತುಂಡೊಂದು ಸಿಕ್ಕರೆ ಅದಕ್ಕಿಂತ ಒಳ್ಳೆಯ ಹೊದಿಕೆಯಿಲ್ಲ. ಸಿಗದಿದ್ದರೆ ನೀವು ಉಟ್ಟು ಬಿಟ್ಟ ಹತ್ತಿ ಸೀರೆಯಾದೀತು. ಅದನ್ನು ಒಗೆಯುವ ಅವಸರ ಬೇಡ.

ಎತ್ತಿ ತಂದು ಕೂರಿಸಬೇಡಿ. ಒಂದೆರಡು ಕಾಳು ತಿಂಡಿ ಹಾಸಿಗೆಯ ಮೇಲೆ ಹಾಕಿದರೆ ತಾನೇ ನಡೆದು ಬರುತ್ತದೆ. ಆಡಿ ದಣಿದು, ಉಚ್ಚೆ ಹೊಯ್ದು ಬಂದ ಹೊತ್ತು ಇದಕ್ಕೆ ಸರಿ. ದಿನಕ್ಕೆ ಸುಮಾರು 18 ಗಂಟೆ ನಿದ್ದೆ ಮಾಡುವ ಪ್ರಾಣಿ, ಅವಕಾಶಕ್ಕೆ ಕೊರತೆಯಿಲ್ಲ. ಗದರಿ ‘ಹೋಗು, ಅಲ್ಲಿ ಬಿದ್ದಿರು’ ಎಂದು ಅಟ್ಟುವ ಜಾಗ ಮಾತ್ರ ಅದಾಗಬಾರದು.

ಬೇಸಿಗೆಯಲ್ಲಿ ಅದು ಹಾಸಿಗೆ ಬಿಟ್ಟು ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದರೆ ಮುನಿಯಬೇಡಿ. ಮೈ ತುಂಬ ಬೆವರಲಾರದ ಪ್ರಾಣಿಗೆ ತಣ್ಣನೆಯ ನೆಲವೇ ಫ್ಯಾನು. ಕಲಬುರಗಿಯ ಏಪ್ರಿಲ್‌ನಲ್ಲಿ ರೆಕ್ಸಿನ್ ಹಾಸಿಗೆಯ ಮೇಲೆ ಮಲಗು ಎಂದರೆ ನಾವೂ ಮಲಗುವುದಿಲ್ಲ. ಮೈಯಲ್ಲಿ ಕೊಬ್ಬಿಲ್ಲದ ಮುಧೋಳದಂಥ ನಾಯಿಗೆ ಮಾತ್ರ ಮೆತ್ತನೆಯ ಹಾಸು ಶೋಕಿಯಲ್ಲ; ಅದರ ಮೊಣಕೈ ಮೂಳೆ ಗಟ್ಟಿ ನೆಲಕ್ಕೆ ಉಜ್ಜಿ ಜಡ್ಡುಗಟ್ಟುತ್ತದೆ.

ಕಷ್ಟವಿರುವುದು ಮರಿಯನ್ನು ಒಪ್ಪಿಸುವುದರಲ್ಲಲ್ಲ, ಮನೆಯವರನ್ನು ಒಪ್ಪಿಸುವುದರಲ್ಲಿ. ನೆಂಟರು ಬಂದರೆಂದು ನಿದ್ದೆಯಲ್ಲಿರುವ ಮರಿಯನ್ನು ಎತ್ತಿ ತೋರಿಸುವುದು, ಮಕ್ಕಳು ಅದರ ಪಕ್ಕ ಉರುಳಿ ಫೋಟೊ ತೆಗೆಸಿಕೊಳ್ಳುವುದು, ಮಾತ್ರೆ ನುಂಗಿಸಲು, ಉಗುರು ಕತ್ತರಿಸಲು ಅಲ್ಲೇ ಹಿಡಿಯುವುದು ಎಲ್ಲವೂ ನಡೆಯುತ್ತದೆ. ಆಮೇಲೆ ಅದು ಮಂಚದ ಕೆಳಗೆ ಸೇರಿಕೊಂಡರೆ ‘ಇಷ್ಟು ದುಡ್ಡು ಕೊಟ್ಟು ತಂದಿದ್ದೇವೆ, ಮಲಗೋದೇ ಇಲ್ಲ’ ಎಂಬ ದೂರು. ಹಾಸಿಗೆಯಲ್ಲಿದ್ದಾಗ ತನ್ನನ್ನು ಯಾರೂ ಮುಟ್ಟುವುದಿಲ್ಲ ಎಂಬ ನಂಬಿಕೆ ಬಂದ ಮರಿಯನ್ನು ಅಲ್ಲಿಗೆ ಕರೆಯಬೇಕಾಗಿಯೇ ಇಲ್ಲ. ನಿದ್ದೆಯಲ್ಲಿ ಬೆಚ್ಚಿಬಿದ್ದ ನಾಯಿ ಕಚ್ಚುವುದೂ ಉಂಟು. ಮಕ್ಕಳಿರುವ ಮನೆಯಲ್ಲಿ ಈ ಕಟ್ಟುನಿಟ್ಟು ಮಕ್ಕಳಿಗಾಗಿಯೂ ಬೇಕು.

ಇನ್ನು ದುಡ್ಡಿನ ಮಾತು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಪೂರ್ತಿ ಬರುವುದು 6-7 ತಿಂಗಳಿಗೆ, ಅಲ್ಲಿಯವರೆಗೆ ಬಾಯಿಗೆ ಸಿಕ್ಕಿದ್ದೆಲ್ಲ ಅಗಿಯುವುದೇ ಕೆಲಸ. ಹಾಸಿಗೆಯೊಳಗಿನ ಸ್ಪಂಜು ನುಂಗಿದರೆ ಕರುಳಿಗೆ ಅಡ್ಡ ಸಿಕ್ಕಿ ಆಪರೇಷನ್ ಮಾಡಿಸಬೇಕಾದೀತು. ಸದ್ಯಕ್ಕೆ ರಟ್ಟಿನ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ, ಒಳಗೆ ಹಳೆಯ ರಗ್ಗು ಮಡಚಿ ಹಾಸಿ. ದುಬಾರಿ ಹಾಸಿಗೆ ಆಮೇಲೆ ಕೊಳ್ಳಿ.